ಅಬಕಾರಿ ಮಾವನ ಬಿಯರು

ನನ್ನ ಮಾವ ಅಬಕಾರಿ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ನೌಕರಿಯ ಮೊದಲರ್ಧ ಕರಾವಳಿಯ ಹಳ್ಳಿಗಳಲ್ಲಿ ಕಳ್ಳಭಟ್ಟಿಯ ಮಡಕೆ ಒಡೆಸುತ್ತ ತಿರುಗಿದರು. ಉಳಿದರ್ಧ ಒಂದು ಬಿಯರ್ ಕಾರ್ಖಾನೆಯ ಒಳಗೇ ಅವರಿಗೆ ಸರ್ಕಾರದ ಕೋಣೆ. ಅಲ್ಲಿಂದ ಹೊರಡುವ ಪ್ರತಿ ಲಾರಿಗೂ ಅವರ ಸಹಿ ಬೇಕಿತ್ತು. ಅಷ್ಟು ವರ್ಷ ಬಿಯರಿನ ನಡುವೆ ಕೂತರೂ ಒಂದು ಹನಿ ನಾಲಿಗೆಗೆ ತಾಗಿಸಲಿಲ್ಲ ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಸೊಸೆಯಾಗಿ ಹೋದ ಹೊಸದರಲ್ಲಿ ನಾದಿನಿ ಕೊಟ್ಟ ಮೊದಲ ಎಚ್ಚರಿಕೆಯೆಂದರೆ, ಕೆಮ್ಮಿನ ಔಷಧದ ಬಾಟಲಿಯ ಮೇಲೆ ಆಲ್ಕೋಹಾಲ್ ಎಂದು ಬರೆದಿದ್ದರೆ ಅದನ್ನು ಅಪ್ಪನ ಕಣ್ಣಿಗೆ ಬೀಳದ ಹಾಗೆ ಇಡಬೇಕು ಎಂಬುದು.

ಅಂಥವರು ಅಬುಧಾಬಿಯ ನಮ್ಮ ಮನೆಯ ಬಚ್ಚಲಲ್ಲಿ ಬಿಯರು ಮಾಡಿದರು. ಯಾಕೆ ಮಾಡಿದರು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನ ಬಳಿ ಒಂದು ಸರಿಯಾದ ಉತ್ತರ ಇಲ್ಲ.

ಅವರು ಬಂದದ್ದು ನಾದಿನಿಯ ಹೆರಿಗೆಯ ನೆಪದಲ್ಲಿ. ಅವಳಿದ್ದದ್ದು ದುಬೈಯ ದೇರಾದಲ್ಲಿ, ಇನ್ನೊಂದು ಸಂಸಾರದ ಜೊತೆ ಹಂಚಿಕೊಂಡ ಫ್ಲ್ಯಾಟಿನಲ್ಲಿ. ಬಾಣಂತನಕ್ಕೆಂದು ಅತ್ತೆ ಬಂದರು, ಅತ್ತೆಯ ಜೊತೆ ಮಾವನೂ ವಿಸಿಟ್ ವೀಸಾದಲ್ಲಿ ಬಂದರು. ಆದರೆ ಆ ಒಂದು ಕೋಣೆಯಲ್ಲಿ ಬಾಣಂತಿ, ಮಗು, ಅಳಿಯ, ಅತ್ತೆ ಇದ್ದಾಗ ಮಾವನಿಗೆ ಕಾಲು ಚಾಚಲೂ ಜಾಗವಿರಲಿಲ್ಲ. ವಾರ ಕಳೆಯುವುದರೊಳಗೆ ಅವರನ್ನು ನಮ್ಮಲ್ಲಿಗೆ ಕಳಿಸಿಕೊಟ್ಟರು. ನಮ್ಮದು ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಹಳೆಯ ಕಟ್ಟಡ. ಹಳೆಯದಾದ್ದರಿಂದ ಕೋಣೆಗಳು ದೊಡ್ಡವು, ಎರಡು ಬಚ್ಚಲು ಬೇರೆ. ನಾನು ಆಗ ಕೆಲಸ ಹುಡುಕುತ್ತಿದ್ದೆ. ಡಿಗ್ರಿ ಸರ್ಟಿಫಿಕೇಟು ಅಟೆಸ್ಟೇಷನ್ನಿಗೆಂದು ಊರಿಗೆ ಹೋದದ್ದು ವಾಪಸು ಬಂದಿರಲಿಲ್ಲ. ಹಾಗಾಗಿ ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಮಾವ ಇಬ್ಬರೇ.

ಮೊದಲು ಕಂಡದ್ದು ಬಾರ್ಲಿ. ದೇರಾದ ಮಸಾಲೆ ಅಂಗಡಿಯಿಂದ ಮಾವ ಒಂದು ಚೀಲ ಬಾರ್ಲಿ ತಂದಿದ್ದರು. ಅದನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಬಾಲ್ಕನಿಯ ಬಿಸಿಲಲ್ಲಿ ಹರಡಿದರು. ಮಗುವಿಗೆ ರಾಗಿ ಮಾಲ್ಟಿನ ಹಾಗೆ ಏನೋ ಮಾಡುತ್ತಿದ್ದಾರೆ ಅಂದುಕೊಂಡೆ. ಹುಟ್ಟಿ ತಿಂಗಳೂ ಆಗದ ಮಗುವಿಗೆ ಇದನ್ನು ಕೊಡಬಹುದೇ ಎಂದು ಕೇಳಬೇಕೆನಿಸಿದರೂ ಸುಮ್ಮನಿದ್ದೆ. ಆಮೇಲೆ ಅದನ್ನು ಹುರಿದರು, ಮಿಕ್ಸಿಯಲ್ಲಿ ತರಿ ಮಾಡಿದರು, ನನ್ನ ದೊಡ್ಡ ಪಾತ್ರೆಯಲ್ಲಿ ಬಿಸಿ ನೀರಿಗೆ ಹಾಕಿ ಕಂಬಳಿ ಸುತ್ತಿಟ್ಟರು. ಸೋಸಿದ ನೀರಿಗೆ ಕಹಿಯಾದ ಕಿರಾತಕಡ್ಡಿ ಹಾಕಿ ಕುದಿಸಿದಾಗ ಮನೆಯೆಲ್ಲ ಕಷಾಯದ ವಾಸನೆ. ಬಾಣಂತಿಗೆ ಇರಬೇಕು ಎಂದು ನನ್ನ ಅಂದಾಜನ್ನು ಬದಲಿಸಿಕೊಂಡೆ.

ಕೆಲವು ದಿನಗಳ ಮೇಲೆ ನಾವು ಬಳಸದ ಬಚ್ಚಲಿನಿಂದ ಗುಳುಗುಳು ಸದ್ದು ಕೇಳಿಸತೊಡಗಿತು. ನಲ್ಲಿ ಸೋರುತ್ತಿದೆಯೇನೋ ಎಂದು ಬಾಗಿಲು ತೆಗೆದೆ. ಮೂಲೆಯಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬ, ಮುಚ್ಚಳಕ್ಕೆ ಸಣ್ಣ ಕೊಳವೆ, ಕೊಳವೆಯ ಇನ್ನೊಂದು ತುದಿ ನೀರಿನ ಬಾಟಲಿಯೊಳಗೆ. ಬಾಟಲಿಯಲ್ಲಿ ಗುಳ್ಳೆ ಏಳುತ್ತಿತ್ತು. ದೋಸೆ ಹಿಟ್ಟು ಹುಳಿಬಂದ ಹಾಗೊಂದು ವಾಸನೆ.

"ಮಾವ, ಇದು ಎಂತ?" ಎಂದು ಕೇಳಿದೆ.

ಹಾಲಿನಲ್ಲಿ ಪೇಪರು ಓದುತ್ತಿದ್ದ ಅವರು ಕನ್ನಡಕದ ಮೇಲಿಂದ ನೋಡಿ, "ಬಿಯರು," ಅಂದರು. ಸೌತೆಕಾಯಿ ಎಂದ ಹಾಗೆ.

ನಾನು ಬಾಗಿಲ ಹತ್ತಿರವೇ ನಿಂತುಬಿಟ್ಟೆ. ನಗಬೇಕೋ ಹೆದರಬೇಕೋ ತಿಳಿಯಲಿಲ್ಲ.

"ಮಾವ, ಇಲ್ಲಿ ಇದೆಲ್ಲ ಮಾಡ್ಲಿಕ್ಕೆ ಇಲ್ಲ. ಲೈಸೆನ್ಸ್ ಇದ್ದವರು ಅಂಗಡಿಯಿಂದ ತರ್ತಾರೆ ಅಷ್ಟೆ. ಮನೆಯಲ್ಲಿ ಮಾಡಿದ್ರೆ ತಪ್ಪು."

"ತಪ್ಪೇ," ಅಂದರು. "ಊರಲ್ಲಾದ್ರೆ ನಾನೇ ಬಂದು ಹಿಡೀತಿದ್ದೆ."

"ಮತ್ತೆ ಯಾಕೆ?"

"ನೋಡುವಾ ಅಂತ."

ಅದಕ್ಕಿಂತ ಹೆಚ್ಚು ಅವರ ಬಾಯಿಂದ ಬರಲಿಲ್ಲ. ಜೀವಮಾನವಿಡೀ ಕಾನೂನು ಕಾಯ್ದವರು ಪರದೇಶಕ್ಕೆ ಬಂದು, ಇಷ್ಟು ತಣ್ಣಗೆ ಕೂತು ಅದನ್ನು ಮುರಿಯುವುದೆಂದರೆ! ವಯಸ್ಸಾದವರಿಗೆ ತಲೆಯಲ್ಲಿ ಏನಾದರೂ ಏರುಪೇರಾದರೆ ಹೀಗೆ ಮಾಡುತ್ತಾರಂತೆ ಎಂದು ಯೋಚಿಸಿದೆ. ಆದರೆ ಅವರಿಗೆ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು. ತಲೆ ನೆಟ್ಟಗೇ ಇತ್ತು.

ಸಂಜೆ ಗಂಡ ಬಂದ ಮೇಲೆ ಕೋಣೆಗೆ ಕರೆದು ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಇಲ್ಲೊಂದು ಮಾತು ಹೇಳಲೇಬೇಕು. ನನ್ನ ಗಂಡ ಕುಡಿಯುತ್ತಿದ್ದರು. ಹೆಚ್ಚೇನಿಲ್ಲ. ಗುರುವಾರ ಸಂಜೆ ಆಫೀಸಿನವರ ಜೊತೆ ಹತ್ತಿರದ ಹೋಟೆಲಿನ ಬಾರಿಗೆ ಹೋಗಿ ಒಂದೆರಡು ಬಿಯರು. ಅದು ನನಗೆ ಗೊತ್ತಿತ್ತು, ಅವರಪ್ಪನಿಗೆ ಗೊತ್ತಿರಲಿಲ್ಲ. ಮಾವ ಬಂದ ದಿನದಿಂದ ಅದೂ ನಿಂತಿತ್ತು.

"ಅಪ್ಪನಿಗೆ ಗೊತ್ತಾಗಿದೆ," ಅಂದರು ಗಂಡ. "ಇದು ನನ್ನನ್ನು ಹಿಡೀಲಿಕ್ಕೆ."

"ಹಿಡೀಲಿಕ್ಕೆ ಅಂತ ಬಾರ್ಲಿ ಮೊಳಕೆ ಬರಿಸ್ತಾರಾ?"

"ನಿಂಗೆ ಅಪ್ಪ ಗೊತ್ತಿಲ್ಲ. ಭಟ್ಟಿಯವರನ್ನು ಹಿಡೀಲಿಕ್ಕೆ ಗಿರಾಕಿ ಹಾಗೆ ಲುಂಗಿ ಉಟ್ಟು ದಿನಗಟ್ಟಲೆ ಕೂತವರು ಅವರು."

"ಹಾಗಾದ್ರೆ ನೀವೇ ಹೋಗಿ ಕೇಳಿ."

ಅವರು ಕೇಳಲಿಲ್ಲ. ಊಟಕ್ಕೆ ಕೂತಾಗ ಅಪ್ಪ ಮಗ ಇಬ್ಬರೂ ಮಗುವಿಗೆ ಏನು ಹೆಸರಿಡುವುದು ಎಂಬ ಬಗ್ಗೆ ಬಹಳ ಹೊತ್ತು ಮಾತಾಡಿದರು. ಬಚ್ಚಲು ಗುಳುಗುಳು ಅನ್ನುತ್ತಲೇ ಇತ್ತು. ಅದು ಇಬ್ಬರಿಗೂ ಕೇಳಿಸಲಿಲ್ಲ.

ಒಂದು ದಿನ ಸದ್ದು ನಿಂತಿತು. ಮಾವ ಒಂದು ಲೋಟದಲ್ಲಿ ಅದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಅಕ್ಕಿ ತೊಳೆದ ನೀರಿಗೆ ಅರಶಿನ ಕಲಸಿದ ಹಾಗಿತ್ತು. ಅವರ ಮುಖ ಸಣ್ಣದಾಯಿತು.

"ಕಾರ್ಖಾನೆಯಲ್ಲಿ ಹೇಗೆ ಬರ್ತಿತ್ತು ಗೊತ್ತುಂಟಾ? ಲೋಟದ ಆಚೆ ಪೇಪರು ಹಿಡಿದ್ರೆ ಅಕ್ಷರ ಓದ್ಬಹುದಿತ್ತು. ಇದು ಕಳ್ಳಭಟ್ಟಿ ಹಾಗೆ ಉಂಟು."

ಅಲ್ಲಿಂದ ಅವರಿಗೆ ಅದನ್ನು ತಿಳಿಯಾಗಿಸುವ ಹಟ ಹತ್ತಿತು. ಮಾರನೆಯ ದಿನ ಅಡುಗೆಮನೆಗೆ ಬಂದಾಗ ಬಿಳಿ ತಟ್ಟೆಯ ಮೇಲೆ ಅವರು ಟಿಂಚರ್ ಅಯೋಡಿನ್ ಹನಿಸುತ್ತಿದ್ದರು. ಕೈ ಕೊಯ್ದುಕೊಂಡರೇನೋ ಎಂದು ಹತ್ತಿ ತರಲು ಓಡಿದೆ. "ಎಂತ ಆಗಿಲ್ಲ ಮಗಾ, ಬಾ ನೋಡು," ಎಂದು ಕರೆದರು. ಬಾರ್ಲಿಯ ಗಂಜಿ ಅದರಲ್ಲಿ ಉಳಿದಿದ್ದರೆ ಟಿಂಚರ್ ತಾಗಿದ ಕೂಡಲೇ ಕಪ್ಪುನೀಲಿ ಆಗುತ್ತದಂತೆ. ಆಗ ಅದು ಎಷ್ಟು ಕಾದರೂ ತಿಳಿಯಾಗುವುದಿಲ್ಲವಂತೆ. ಆಗಿರಲಿಲ್ಲ, ಹನಿ ಕಂದಾಗಿಯೇ ಇತ್ತು. ಹಾಗಾದರೆ ತೇಲುತ್ತಿರುವುದು ಯೀಸ್ಟು, ಅದನ್ನು ತಳಕ್ಕೆ ಕೂರಿಸಿದರೆ ಸಾಕು.

"ಪಟಿಕ ಹಾಕಿದ್ರೆ?" ಎಂದೆ. ಮಳೆಗಾಲದಲ್ಲಿ ನನ್ನ ತವರಿನ ಬಾವಿ ನೀರಿಗೆ ಪಟಿಕದ ತುಂಡು ಉಜ್ಜುತ್ತಿದ್ದರು. ಹೇಳಿಯಾದ ಮೇಲೆ ನಾನೇ ಬೆಚ್ಚಿದೆ. ಬೇಡವೆನ್ನಬೇಕಾದವಳು ಉಪಾಯ ಹೇಳಿಕೊಡುತ್ತಿದ್ದೇನಲ್ಲ!

"ಪಟಿಕ ಬೇಡ, ಒಗರು ಬರ್ತದೆ. ಜೆಲಾಟಿನ್ ಸಿಕ್ಕಿದ್ರೆ ಆಗ್ತಿತ್ತು."

ಸೂಪರ್ ಮಾರ್ಕೆಟ್ಟಿಗೆ ಹೋದೆ. ಕೇಕಿನ ಸಾಮಾನುಗಳ ನಡುವೆ ಜೆಲಾಟಿನ್ ಪುಡಿಯ ಪೊಟ್ಟಣವಿತ್ತು. ಅದರ ಮೇಲೆ ಹಲಾಲ್ ಎಂದು ಹಸಿರು ಮುದ್ರೆ, ಕೆಳಗೆ ಸಣ್ಣ ಅಕ್ಷರದಲ್ಲಿ ದನದ್ದು ಎಂಬ ವಿವರ. ಪೊಟ್ಟಣ ಕೈಯಲ್ಲಿ ಹಿಡಿದು ಅಲ್ಲೇ ನಿಂತೆ. ಹಲಾಲ್ ಪುಡಿಯನ್ನು ಬಿಯರಿಗೆ ಹಾಕುವುದು ಈ ಊರಿಗೆ ಸರಿಯಲ್ಲ, ದನದ ಪುಡಿಯನ್ನು ಮಾವ ಮುಟ್ಟುವುದೂ ಸರಿಯಲ್ಲ, ಬಿಯರು ಮಾಡುವುದಂತೂ ಯಾರಿಗೂ ಸರಿಯಲ್ಲ. ಇಷ್ಟು ತಪ್ಪುಗಳಲ್ಲಿ ನಾನು ಯಾವುದರಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದೇನೆ ಎಂಬುದೇ ಗೊತ್ತಾಗಲಿಲ್ಲ. ಪೊಟ್ಟಣ ಅಲ್ಲೇ ಇಟ್ಟು ಬಂದು, ದನದ್ದಂತೆ ಎಂದೆ. ಮಾವ ತಲೆ ತುರಿಸಿಕೊಂಡರು.

ಮರುದಿನ ಬೆಳಿಗ್ಗೆ ಅವರು ಮೀನು ಮಾರ್ಕೆಟ್ಟಿಗೆ ಹೋಗಿ ದೊಡ್ಡ ಮೀನುಗಳ ಹೊಟ್ಟೆಯೊಳಗಿನ ಗಾಳಿಚೀಲ ಕೇಳಿ ತಂದರು. ಮೀನು ಕೊಯ್ಯುವವನು ಎಸೆಯುವ ಬುಟ್ಟಿಯಿಂದ ಪುಕ್ಕಟೆ ಕೊಟ್ಟನಂತೆ. ನಮ್ಮೂರ ಬಂದರಿನಲ್ಲಿ ಅದನ್ನು ಒಣಗಿಸಿ ಮಾರುವುದನ್ನು ನಾನೂ ನೋಡಿದ್ದೆ, ಯಾರೋ ವಿದೇಶದವರು ಸೂಪಿಗೆ ಹಾಕುತ್ತಾರೆ ಎನ್ನುತ್ತಿದ್ದರು. ಹಿಂದಿನ ಕಾಲದಲ್ಲಿ ಬಿಯರು ತಿಳಿಯಾಗಿಸಲು ಇದನ್ನೇ ಹಾಕುತ್ತಿದ್ದರೆಂದು ಕಾರ್ಖಾನೆಯ ಕೆಮಿಸ್ಟು ಮಾವನಿಗೆ ಹೇಳಿದ್ದನಂತೆ. ಬಾಲ್ಕನಿಯಲ್ಲಿ ನನ್ನ ಬಟ್ಟೆಯ ಕ್ಲಿಪ್ಪುಗಳಿಗೆ ಸಿಕ್ಕಿಕೊಂಡು ಆ ಚೀಲಗಳು ಒಣಗಿದವು. ಒಣಗಿದ್ದನ್ನು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ವಿನೆಗರ್ ಬೆರೆಸಿದ ತಣ್ಣೀರಿನಲ್ಲಿ ನೆನೆಸಿ, ಗಂಜಿಯ ತಿಳಿಯಂಥ ಒಂದು ಅಂಟು ಮಾಡಿದರು. ಅದನ್ನು ಡಬ್ಬಕ್ಕೆ ಸುರಿದು ಮೆಲ್ಲಗೆ ತಿರುವಿದರು.

"ಇನ್ನು ಇದು ತಣ್ಣಗೆ ಇರ್ಬೇಕು. ಫ್ರಿಜ್ಜಲ್ಲಿ ಜಾಗ ಉಂಟಾ?"

ಜಾಗ ಇರಲಿಲ್ಲ. ಮಾಡಿದೆ. ಫ್ರಿಜ್ಜಿನ ಒಳಗಿನ ತಟ್ಟೆಗಳನ್ನೆಲ್ಲ ಕಳಚಿದೆ. ಹಾಲು, ತೆಂಗಿನಕಾಯಿ ತುರಿ, ದೋಸೆ ಹಿಟ್ಟು, ಹಿಂದಿನ ದಿನದ ಮೀನು ಸಾರು, ಎಲ್ಲ ಹೊತ್ತುಕೊಂಡು ಎದುರು ಮನೆಯ ಬೆಲ್ ಒತ್ತಿದೆ. ಅಲ್ಲಿದ್ದವರು ಭಟ್ಕಳದ ಒಬ್ಬ ಆಂಟಿ. ಅವರ ಯಜಮಾನರಿಗೆ ಬಟ್ಟೆಯ ವ್ಯಾಪಾರ. ಮನೆಯಲ್ಲಿ ನವಾಯತಿ ಮಾತಾಡುವ ಆಂಟಿಗೆ ನನ್ನ ಜೊತೆ ಕನ್ನಡ ಆಡುವುದು ಬಹಳ ಇಷ್ಟ.

"ಫ್ರಿಜ್ ಹಾಳಾಗಿದೆ ಆಂಟಿ, ಎರಡು ದಿನ ಇಟ್ಕೊಳ್ತೀರಾ?"

"ಅಯ್ಯೋ ಬೇಟಾ, ಕೇಳೋದೇನು, ಕೊಡಿ ಕೊಡಿ," ಎಂದು ಅವರು ಎಲ್ಲವನ್ನೂ ಒಳಗೆ ತೆಗೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಬಾಗಿಲಲ್ಲಿ ಟೂಲ್ ಚೀಲ ಹಿಡಿದ ಮೆಕ್ಯಾನಿಕ್ಕು. ಆಂಟಿಯ ಯಜಮಾನರು ಅಂಗಡಿಯಿಂದ ಕಳಿಸಿದ್ದರು. ಮಾವ ಎದ್ದು ಬಂದು, "ಖಲಾಸ್, ಖಲಾಸ್, ಠೀಕ್ ಹೋ ಗಯಾ," ಎಂದು ಅವನಿಗೆ ಶರಬತ್ತು ಕುಡಿಸಿ ಕಳಿಸಿದರು.

ಸರಿಹೋಯಿತು ಎಂದ ಮೇಲೆ ಆಂಟಿ ನೋಡಲು ಬಾರದೆ ಇರುತ್ತಾರೆಯೇ? ಸಂಜೆ ಬಂದರು. ನೇರ ಅಡುಗೆಮನೆಗೆ ನಡೆದು, "ತಂಪು ಹಿಡೀತಾ ಬೇಟಾ?" ಎಂದು ಫ್ರಿಜ್ಜಿನ ಹಿಡಿಗೆ ಕೈ ಹಾಕಿದರು. ಐದು ಹೊತ್ತು ನಮಾಜು ಮಾಡುವವರು. ಮೊನ್ನೆಯಷ್ಟೆ ಮಾವನಿಗೆಂದು ತುಪ್ಪದ ಹಲ್ವ ಕೊಟ್ಟುಹೋಗಿದ್ದವರು.

ಹಿಂದಿನಿಂದ ಮಾವ ಹೇಳಿದರು, "ತೆಗೀಬೇಡಿ ಅಮ್ಮ. ಅದರಲ್ಲಿ ಒಂದು ಮದ್ದು ಉಂಟು. ಬಾಗಿಲು ತೆಗೆದ್ರೆ ಹಾಳಾಗ್ತದೆ."

ಆಂಟಿ ಕೈ ಹಿಂದೆಳೆದುಕೊಂಡು ಮಾವನನ್ನು ನೋಡಿದರು, ನನ್ನನ್ನು ನೋಡಿದರು, ಬಾಲ್ಕನಿಯ ಕ್ಲಿಪ್ಪಿನಲ್ಲಿ ಇನ್ನೂ ನೇತಾಡುತ್ತಿದ್ದ ಒಂದು ಗಾಳಿಚೀಲವನ್ನೂ ನೋಡಿದರು. "ಯಾರಿಗೆ ಬೇಟಾ ಹುಷಾರಿಲ್ಲ?" ಎಂದು ಮೆಲ್ಲಗೆ ಕೇಳಿದರು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ಹೇಗೆ ಅರ್ಥ ಮಾಡಿಕೊಂಡರೋ, ನನ್ನ ಬೆನ್ನು ಸವರಿ, "ಅಲ್ಲಾಹ್ ಒಳ್ಳೇದು ಮಾಡ್ತಾನೆ," ಎಂದು ಹೋದರು. ಮದುವೆಯಾಗಿ ಕೆಲವು ವರ್ಷಗಳಾದರೂ ನಮಗೆ ಮಕ್ಕಳಾಗಿರಲಿಲ್ಲ. ಅವರ ಯೋಚನೆ ಆ ಕಡೆಗೆ ಹೋಗಿತ್ತೆಂದು ನನಗೆ ಹೊಳೆದದ್ದು ಮರುದಿನ ಅವರು ಖರ್ಜೂರ, ಕೇಸರಿ ಹಾಕಿದ ಹಾಲು ಕಳಿಸಿದಾಗ. ಆ ಹಾಲು ಕುಡಿಯಲೂ ಆಗದೆ ಚೆಲ್ಲಲೂ ಆಗದೆ ಕೊನೆಗೆ ಕುಡಿದೆ.

ಮೂರನೆಯ ದಿನ ಫ್ರಿಜ್ಜಿನ ಬಾಗಿಲು ತೆಗೆದಾಗ ಮಾವ ಉಸಿರೇ ಬಿಡಲಿಲ್ಲ. ಡಬ್ಬದ ತಳದಲ್ಲಿ ಕೆನೆಬಣ್ಣದ ಮಡ್ಡಿ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ನಿಂತದ್ದು ಬೇರೆಯದೇ ವಸ್ತು. ಜೇನಿನ ಬಣ್ಣ, ಕಲಕು ಎಂಬುದೇ ಇಲ್ಲ. ಕೊಳವೆಯಿಂದ ಮಡ್ಡಿ ಅಲುಗದ ಹಾಗೆ ಬಾಟಲಿಗಳಿಗೆ ಇಳಿಸಿದರು. ಒಂದು ಲೋಟಕ್ಕೆ ಹಾಕಿ ಅದರ ಹಿಂದೆ ಪೇಪರು ಹಿಡಿದು, "ಓದು," ಎಂದರು. ಓದಿದೆ. ಚಿನ್ನದ ದರ ಕಾಣಿಸುತ್ತಿತ್ತು. ಅವರು ಮಗುವಿನ ಹಾಗೆ ನಕ್ಕರು. ಮಾವ ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ಮೊದಲ ಬಾರಿ ನೋಡಿದ್ದೆ.

ಆ ಶನಿವಾರ ಮಧ್ಯಾಹ್ನ ಗಂಡ ಮನೆಯಲ್ಲಿದ್ದರು. ಊಟಕ್ಕೆ ಮೊದಲು ಮಾವ ಒಂದು ಲೋಟ ತುಂಬಿಸಿ ತಂದು ಮಗನ ಮುಂದೆ ಇಟ್ಟರು.

"ಹೇಗೆ ಬಂದಿದೆ ಹೇಳು. ನಂಗೆ ಇದರ ರುಚಿ ಗೊತ್ತಿಲ್ಲ."

ಗಂಡ ಲೋಟ ನೋಡಿದರು. ಅವರ ಗಂಟಲು ಒಮ್ಮೆ ಮೇಲೆ ಕೆಳಗೆ ಆದದ್ದು ನನಗೆ ಕಂಡಿತು. ಆಮೇಲೆ, "ನಾನು ಕುಡಿಯುವುದಿಲ್ಲ ಅಪ್ಪ," ಎಂದರು.

"ಒಂದು ಗುಟುಕು."

"ಇಲ್ಲ ಅಪ್ಪ. ಅಭ್ಯಾಸ ಇಲ್ಲ."

ಮಾವನ ಮುಖದ ಮೇಲೆ ಏನೋ ಹಾದುಹೋಯಿತು. ಮಗ ಕುಡಿಯದವನೆಂಬ ಸಮಾಧಾನವೋ, ಮಾಡಿದ್ದು ವ್ಯರ್ಥವಾಯಿತೆಂಬ ಬೇಸರವೋ, ಸುಳ್ಳು ಹೇಳುತ್ತಾನೆಂಬ ನೋವೋ, ನನಗೆ ಹೇಳಲಾಗುವುದಿಲ್ಲ. ಲೋಟ ಇಬ್ಬರ ನಡುವೆ ಹಾಗೇ ಇತ್ತು. ಯಾಕೆ ಹಾಗೆ ಮಾಡಿದೆನೋ, ನಾನು ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದೆ. ಕಹಿ. ಆಮೇಲೆ ಸ್ವಲ್ಪ ಹುಳಿ, ಹುರಿದ ಧಾನ್ಯದ ಪರಿಮಳ.

"ಚೆನ್ನಾಗಿ ಬಂದಿದೆ ಮಾವ," ಎಂದೆ. ಚೆನ್ನಾಗಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಇನ್ನೊಂದಕ್ಕೆ ಹೋಲಿಸಲು ನಾನೂ ಅದುವರೆಗೆ ಕುಡಿದವಳಲ್ಲ.

ಮಾವ ತಲೆಯಾಡಿಸಿ ಊಟಕ್ಕೆ ಕೂತರು. ಬಾಟಲಿಗಳನ್ನು ಏನು ಮಾಡುವುದೆಂದು ಯಾರೂ ಮಾತೆತ್ತಲಿಲ್ಲ. ಅವು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, ತರಕಾರಿಯ ಹಿಂದೆ ಉಳಿದವು.

ಮುಂದಿನ ವಾರ ಮಾವ ವಾಕಿಂಗಿಗೆ ಕಡಲಂಚಿನ ಕಾರ್ನಿಷ್ ಕಡೆ ಹೋದಾಗಲೆಲ್ಲ ಗಂಡ ಅಡುಗೆಮನೆಯಲ್ಲಿ ಇರುತ್ತಿದ್ದರು. ಒಂದು ಸಲ ಹಿಂದಿನಿಂದ ಹೋಗಿ ನಿಂತೆ. ಬಾಟಲಿ ಬಾಯಲ್ಲಿತ್ತು.

"ಬಾರಲ್ಲಿ ಸಿಗುವುದಕ್ಕಿಂತ ಚೆನ್ನಾಗಿ ಉಂಟು," ಎಂದರು ಕಳ್ಳನ ಹಾಗೆ. "ಅಪ್ಪನಿಗೆ ಹೇಳ್ಬೇಡ."

"ಹೇಳಿದ್ರೆ ಅವರಿಗೆ ಸಂತೋಷ ಆಗ್ತದೆ."

"ನಿಂಗೆ ಗೊತ್ತಿಲ್ಲ. ಬೇಡ."

ಲೆಕ್ಕ ಇಡುವುದು ಮಾವನ ರಕ್ತದಲ್ಲೇ ಇತ್ತು. ಮಗ ಆಫೀಸಿಗೆ ಹೋದ ಒಂದು ಬೆಳಿಗ್ಗೆ ಅವರು ಫ್ರಿಜ್ಜಿನ ಮುಂದೆ ಬಗ್ಗಿ ನಿಂತು, ತಿರುಗಿ ನನ್ನನ್ನು ನೋಡಿದರು. "ಬಾಟಲಿ ಕಮ್ಮಿ ಉಂಟಲ್ಲ."

ನಿಜ ಹೇಳಿದರೆ ಗಂಡನ ಮಾತು ಮುರಿದ ಹಾಗೆ. ಗೊತ್ತಿಲ್ಲವೆಂದರೆ ಮನೆಯಲ್ಲಿ ಇನ್ಯಾರಿದ್ದಾರೆ?

"ನಾನೇ ಮಾವ," ಎಂದೆ.

ಅವರು ಉಳಿದ ಬಾಟಲಿಗಳನ್ನು ಒಂದೊಂದಾಗಿ ಸಿಂಕಿಗೆ ಸುರಿದರು. ಆತುರವಿಲ್ಲದೆ, ಪೂರ್ತಿ ಖಾಲಿಯಾಗುವವರೆಗೆ ಬಾಟಲಿಯನ್ನು ಬೋರಲು ಹಿಡಿದು, ಕೊನೆಯ ಹನಿ ಕೊಡವಿ. ನೌಕರಿಯಲ್ಲಿದ್ದಾಗ ಹೀಗೇ ಮಾಡುತ್ತಿದ್ದರೇನೋ. ಅಷ್ಟು ದಿನ ಕಾದು ತಿಳಿಯಾಗಿಸಿದ್ದು ಬುರುಗು ಎಬ್ಬಿಸುತ್ತ ಇಳಿದುಹೋಯಿತು. ನಾನು ಪಕ್ಕದಲ್ಲಿ ನಿಂತು ನಲ್ಲಿ ಬಿಟ್ಟೆ.

ಅಂದು ಮಧ್ಯಾಹ್ನವೇ ದೇರಾದಿಂದ ಅತ್ತೆಯ ಫೋನು. ಮಾವ ವಿಷಯ ಮುಟ್ಟಿಸಿದ್ದಿರಬೇಕು. "ನಿಂಗೆ ಅಲ್ಲಿ ತುಂಬ ಬೇಜಾರು ಆಗ್ತದಾ? ಕೆಲಸ ಸಿಕ್ಕಿಲ್ಲ ಅಂತ ಚಿಂತೆಯಾ?" ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಸಿಟ್ಟಿದ್ದರೆ ಉತ್ತರಿಸಬಹುದಿತ್ತು.

ಮಗುವಿನ ನಾಮಕರಣಕ್ಕೆ ದುಬೈಗೆ ಹೋದಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೈ ಹಿಡಿದರು. "ಗಂಡಸರೇ ಕುಡಿತ ಬಿಡುವ ಕಾಲ ಇದು ಮಗಾ. ಇವನನ್ನು ನೋಡು, ಒಂದು ದಿನ ಮುಟ್ಟಿದವನಲ್ಲ," ಎಂದು ಎದುರಿಗೆ ಹೋಳಿಗೆ ತಿನ್ನುತ್ತ ಕೂತಿದ್ದ ಮಗನ ಕಡೆ ಗಲ್ಲ ಎತ್ತಿ ತೋರಿಸಿದರು. ಗಂಡ ನನ್ನ ಕಣ್ಣು ತಪ್ಪಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ನಗು ಬಂತು, ಅಳುವೂ ಬಂತು. ನಾನು ಅತ್ತೆಗೆ ಹೂಂ ಅಂದೆ.

ಮಾವ ಆ ರಾತ್ರಿ ಅಲ್ಲೇ ಉಳಿದರು. ವಾಪಸು ಬರುವಾಗ ಕಾರಿನಲ್ಲಿ ಗಂಡ, "ಹೇಳ್ಬಹುದಿತ್ತು ನೀನು," ಎಂದರು.

"ನೀವು ಬೇಡ ಅಂದದ್ದಲ್ವಾ?"

"ಅದೂ ಹೌದು."

ಅವರೇ ಹೇಳುತ್ತಾರೆಂದು ಕಾದೆ. ಅಪ್ಪ ಅಮ್ಮನನ್ನು ವಿಮಾನ ಹತ್ತಿಸುವ ದಿನ ಏರ್‌ಪೋರ್ಟಿನಲ್ಲಿ ಹೇಳಬಹುದೆಂದುಕೊಂಡೆ. ಅಲ್ಲಿ ಅವರು ಲಗೇಜಿನ ತೂಕದ ಬಗ್ಗೆ ಮಾತ್ರ ಮಾತಾಡಿದರು. ಮಾವ ಒಳಗೆ ಹೋಗುವ ಮೊದಲು ನನ್ನ ತಲೆಯ ಮೇಲೆ ಕೈಯಿಟ್ಟು, "ನಾನು ಅದನ್ನು ಮಾಡ್ಬಾರದಿತ್ತು ಮಗಾ," ಎಂದರು. ಹಾಗಲ್ಲ ಮಾವ ಎನ್ನುವಷ್ಟರಲ್ಲಿ ಅತ್ತೆ ಅವರ ತೋಳು ಹಿಡಿದೆಳೆದರು.

ಆಮೇಲೆ ನನಗೆ ಕೆಲಸ ಸಿಕ್ಕಿತು, ಬನಿಯಾಸ್‌ನ ಒಂದು ಶಾಲೆಯಲ್ಲಿ. ಮಾವ ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಮಗನ ಜೊತೆ ಹವೆಯ ಬಗ್ಗೆ ಮಾತಾಡಿ, ಫೋನನ್ನು ನನಗೆ ಕೊಡಿಸಿ, "ಎಲ್ಲ ಸರಿ ಉಂಟಲ್ಲ?" ಎಂದು ಕೇಳುತ್ತಾರೆ. ಎಲ್ಲ ಎಂದರೆ ಯಾವುದು ಎಂದು ನನಗೆ ಪ್ರತಿ ಸಲ ಗೊಂದಲ. ಪಕ್ಕದಲ್ಲಿ ಗಂಡ ಟಿವಿಯ ಸದ್ದು ಕಡಿಮೆ ಮಾಡಿ ಕೂತಿರುತ್ತಾರೆ. ಸರಿ ಉಂಟು ಮಾವ ಎನ್ನುತ್ತೇನೆ, ಅವರು ಹಾಂ ಎಂದು ಫೋನಿಡುತ್ತಾರೆ.